ಅಕ್ಕ ತಿಂದ ಬಳಪ

ನಾನು ಚಿಕ್ಕವಳಿದ್ದಾಗ ನನ್ನ ಪಾಟಿಯ ಬಳಪಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಆಗ ನಾವು ದಾಂಡೇಲಿಯಲ್ಲಿದ್ದೆವು. ಅಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ. ಪಾಳಿ ಮುಗಿಸಿ ಬಂದರೆ ಮನೆಯೊಳಗೆಲ್ಲ ತೊಯ್ದ ಬಿದಿರಿನ ವಾಸನೆ. ಬಳಪ ಕಳೆದಾಗಲೆಲ್ಲ ಅವ್ವ ನನ್ನನ್ನೇ ಬೈಯುತ್ತಿದ್ದಳು. ಎದುರುಮನೆಯ ಹುಡುಗರೇ ಕಳ್ಳರೆಂದು ನಾನು ಅವರ ಮೇಲೆ ಜಗಳಕ್ಕೆ ಹೋಗುತ್ತಿದ್ದೆ.

ಅಕ್ಕನಿಗೆ ಆಗ ಹದಿನಾಲ್ಕು ವರ್ಷ. ಅವ್ವ ರೊಟ್ಟಿ ಬಡಿದರೆ ಅಕ್ಕ ಬೇಯಿಸುತ್ತಿದ್ದಳು. ಉಬ್ಬಿದ ಬಿಸಿ ರೊಟ್ಟಿ ಮೊದಲು ಅಪ್ಪನ ಗಂಗಾಳಕ್ಕೆ, ಆಮೇಲೆ ಅಣ್ಣಂದಿರಿಗೆ, ಸಣ್ಣವಳೆಂದು ನನಗೂ. ಹೆಸರುಕಾಳು, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವ್ವ, ಅಕ್ಕ ಕೂತಾಗ ಬುಟ್ಟಿಯ ತಳದ ತಣ್ಣನೆಯ ರೊಟ್ಟಿ, ಕೆಂಪುಖಾರ, ಪಾತ್ರೆಗೆ ಅಂಟಿದ್ದಷ್ಟು ಪಲ್ಯ. ನಮ್ಮಲ್ಲಿ ಯಾರೂ ಕೆಟ್ಟವರಲ್ಲ, ಹಾಗೇ ನಡೆದುಬಂದಿತ್ತು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಒಂದು ಮುಂಜಾನೆ ನೀರಿಗೆ ಹೊರಟ ಅಕ್ಕನ ಹಿಂದೆ ನಾನೂ ಹೋದೆ. ನಳದ ಹತ್ತಿರ ಅವಳು ಲಂಗದ ನೆರಿಗೆಯಿಂದ ಬಳಪದ ತುಂಡೊಂದನ್ನು ತೆಗೆದು ಕಟುಂ ಎಂದು ಕಡಿದಳು. ಪೇರಲಹಣ್ಣು ತಿಂದಷ್ಟು ರುಚಿಯಾಗಿ ಅಗಿದಳು. ನನಗೆ ನಗು ತಡೆಯಲಿಲ್ಲ.

"ಅಕ್ಕಾ, ಕಳ್ಳಿ ನೀನ ಏನ!"

"ಯಾರ ಮುಂದೂ ಹೇಳಬ್ಯಾಡವಾ. ತಿನ್ನಬೇಕು ಅನಸ್ತೈತಿ. ಯಾಕಂತ ನನಗೂ ಗೊತ್ತಿಲ್ಲ," ಎಂದಳು. ಅವಳ ತುಟಿಗೆ ಬಣ್ಣವೇ ಇರಲಿಲ್ಲ. ತುಂಬಿದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡವಳು ಹಾಗೇ ಕುಸಿದುಬಿದ್ದಳು. ಕೊಡ ಉರುಳಿ ನೀರೆಲ್ಲ ಅವಳ ಮೈಮೇಲೆ ಹರಿಯಿತು.

ನಾನು ಕೂಗಿಕೊಂಡದ್ದು ಕೇಳಿ, ಆಗತಾನೆ ಪಾಳಿ ಮುಗಿಸಿ ಬಂದಿದ್ದ ಅಪ್ಪ ಅವಳನ್ನು ಎತ್ತಿಕೊಂಡು ದವಾಖಾನೆಗೆ ಓಡಿದ. ಅವ್ವನ ಸೆರಗು ಹಿಡಿದು ನಾನೂ ಓಡಿದೆ. ಅಲ್ಲಿದ್ದ ನರ್ಸಬಾಯಿ ಅಕ್ಕನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ನೋಡಿದಳು. ಒಳಗೆ ಕೆಂಪಗಿರಬೇಕಾದದ್ದು ಒಗೆದ ಅರಿವೆಯ ಹಾಗೆ ಬೆಳ್ಳಗಿತ್ತು.

"ಈಕಿ ಮಣ್ಣು, ಬಳಪ ಏನಾರ ತಿಂತಾಳೇನ್ರಿ?" ಎಂದು ಕೇಳಿದಳು. ನಾನು ಗಾಬರಿಯಲ್ಲಿ ಹೌದೆಂದುಬಿಟ್ಟೆ.

"ಮೈಯಾಗ ರಕ್ತ ಇಲ್ರಿ, ಅದಕ್ಕ ಬಾಯಿ ಹಿಂಗ ಬೇಡತೈತಿ. ಬೆಳೆಯೋ ಹುಡುಗಿಗೆ ಕಾಳು, ಪುಂಡಿ, ಮೆಂತೆ ಅಂಥಾ ತಪ್ಪಲಪಲ್ಯ ಹೊಟ್ಟಿ ತುಂಬ ಹಾಕ್ರಿ. ಮನ್ಯಾಗ ಈಕಿ ಯಾವಾಗ ಉಣ್ತಾಳ?"

"ಎಲ್ಲಾರದೂ ಆದಮ್ಯಾಲೆ ರೀ," ಎಂದಳು ಅವ್ವ.

ಆ ಸಂಜೆ ಅಪ್ಪ ತನ್ನ ಮಣೆಯ ಮೇಲೆ ಅಕ್ಕನನ್ನು ಕೂರಿಸಿದ. ಮೊದಲ ಬಿಸಿ ರೊಟ್ಟಿಯ ಮೇಲೆ ಕಾಳುಪಲ್ಯ ಸುರಿದು, "ನೀ ಮೊದಲ ಉಣ್ಣವಾ," ಎಂದ. ಅಕ್ಕ ಅಳುತ್ತಲೇ ಉಂಡಳು.

ಕೆಲವು ತಿಂಗಳು ಹಾಗೇ ನಡೆಯಿತು. ಅಕ್ಕನ ತುಟಿಗೆ ಬಣ್ಣ ಬಂತು, ನನ್ನ ಬಳಪಗಳೂ ಉಳಿದವು. ಆದರೆ ದೀಪಾವಳಿಗೆ ನೆಂಟರು ಬಂದರು. ಅವರೆದುರು ಮಗಳನ್ನು ಮೊದಲು ಉಣ್ಣಿಸಲು ಅವ್ವನಿಗೆ ಸಂಕೋಚವಾಯಿತು. ಅವರು ಹೋದ ಮೇಲೂ ಅಕ್ಕ ಒಲೆಯ ಮುಂದೆಯೇ ಉಳಿದಳು, ಅಪ್ಪನೂ ಕರೆಯುವುದನ್ನು ಮರೆತ. ಮುಂದೆ ಅವಳನ್ನು ಮುಂಡಗೋಡ ಕಡೆಯ ಇಂದೂರೆಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಅಲ್ಲಿಯೂ ಅವಳದು ಕೊನೆಯ ಊಟವೇ. ಮೊದಲ ಹೆರಿಗೆಯಲ್ಲಿ ರಕ್ತ ಹೋಯಿತು. ಹೋಗುವಷ್ಟು ರಕ್ತ ಅವಳಲ್ಲಿ ಇರಲಿಲ್ಲ. ಅಕ್ಕ ತೀರಿಕೊಂಡಳು.

ಈಗ ನಾನು ಹಳಿಯಾಳದಲ್ಲಿ ಮಗನ ಮನೆಯಲ್ಲಿದ್ದೇನೆ. ಕಾಳು, ಹಾಲು, ಹಣ್ಣು ಯಾವುದಕ್ಕೂ ಕೊರತೆಯಿಲ್ಲ. ಕೊನೆಗೆ ಉಣ್ಣೆಂದು ಯಾರೂ ಕಾಯಿಸದಿದ್ದರೂ ಮೊಮ್ಮಗಳು ತಾನೇ ತಾಟು ದೂಡುತ್ತಾಳೆ. "ದಪ್ಪ ಆಗ್ತೇನಿ ಅಜ್ಜಿ," ಎನ್ನುವ ಮಹಾರಾಯ್ತಿ ಮೊಬೈಲ್ ನೋಡುತ್ತ ಚಿಪ್ಸ್ ಪಾಕೀಟು ಖಾಲಿ ಮಾಡುತ್ತಾಳೆ.

ನಿನ್ನೆ ಹತ್ತಿರ ಕರೆದು ಅವಳ ಕೆಳರೆಪ್ಪೆ ಜಗ್ಗಿ ನೋಡಿದೆ. "ಏನ ನೋಡಾಕತ್ತಿ ಅಜ್ಜಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅಲ್ಲಿ ಇರಬೇಕಾದಷ್ಟು ಕೆಂಪಿರಲಿಲ್ಲ. ಅಕ್ಕನ ಕಥೆ ಹೇಳಿ, ಬಿಸಿ ರೊಟ್ಟಿಯ ಮೇಲೆ ಹೆಸರುಕಾಳು ಹಾಕಿ ಮುಂದಿಟ್ಟೆ.

"ನೀ ಮೊದಲ ಉಣ್ಣವಾ," ಎಂದೆ.

ಅರ್ಧ ರೊಟ್ಟಿ ಉಂಡಳು. ಇನ್ನರ್ಧ ಮುಗಿಯುವವರೆಗೂ ನಾನು ಅವಳ ಎದುರಿನಿಂದ ಏಳಲಿಲ್ಲ.