ತನಿಖೆ ಭಾವ ಮನೆ ನೋಡಿದ್ದು

ಬಸ್ ಡಿಪೋದಲ್ಲಿ ಇಂಜಿನ್ ರಿಪೇರಿ ಮಾಡುವವರಿಗೆ ಯಾವ ಸದ್ದನ್ನೂ ಸುಮ್ಮನೆ ಕೇಳಿಸಿಕೊಂಡು ಗೊತ್ತಿಲ್ಲ. ನಮ್ಮ ಭಾವನಿಗಂತೂ ಸದ್ದಿಲ್ಲದಿದ್ದರೂ ಗುಮಾನಿ. ಈ ದೇಶಕ್ಕೆ ಬಂದ ಹೊಸದರಲ್ಲಿ ಅವರು ಫೋಟೊ ನೋಡಿ ಬಾಡಿಗೆ ಮನೆಯೊಂದಕ್ಕೆ ಮುಂಗಡ ಕಳಿಸಿದ್ದರು. ಪೆಟ್ಟಿಗೆ ಹೊತ್ತು ಹೋಗಿ ನಿಂತರೆ ಆ ವಿಳಾಸದಲ್ಲಿದ್ದದ್ದು ಹಳೆಯ ಟೈರಿನ ಗೋದಾಮು. ಅಂದಿನಿಂದ ಗೋಡೆ, ನಲ್ಲಿ, ಮನೆಯ ಓನರು, ಓನರಿನ ನಗು, ಯಾವುದನ್ನೂ ಅವರು ನಂಬಿದ್ದಿಲ್ಲ. ಹೊಸದಾಗಿ ಬಂದಿಳಿದ ನಮ್ಮ ಕಡೆಯವರೆಲ್ಲ ಮನೆ ನೋಡಲು ಅವರನ್ನೇ ಮುಂದಿಟ್ಟುಕೊಂಡು ಹೋಗುವುದು. ನೆಂಟಸ್ತನ ಇರಲಿ ಬಿಡಲಿ, ಎಲ್ಲರ ಬಾಯಲ್ಲೂ ಅವರು 'ತನಿಖೆ ಭಾವ'.

ಹಾಗೆ ನೋಡಿದರೆ ಅವರ ಉಪದೇಶದಲ್ಲಿ ತಪ್ಪೇನಿಲ್ಲ. ಕಣ್ಣಾರೆ ನೋಡದ ಮನೆಗೆ ಕಾಸು ಬಿಚ್ಚಬೇಡಿ. ಬೀಗ ತೆಗೆದು ತೋರಿಸುವವನೇ ಓನರೋ, ಯಾರದೋ ಬೀಗದ ಕೈ ಹಿಡಿದು ಬಂದವನೋ ವಿಚಾರಿಸಿ. ಓದದೆ ಕರಾರಿಗೆ ರುಜು ಹಾಕಬೇಡಿ. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅದರ ಹಿಂದೆ ಏನೋ ಇದೆ. ತೊಂದರೆ ಏನೆಂದರೆ, ನಾಲ್ಕೂ ಗೋಡೆಗೆ ಬಣ್ಣವಿದ್ದರೆ "ನಾಲ್ಕರ ಹಿಂದೆಯೂ ಇದೆ" ಎನ್ನುತ್ತಿದ್ದರು. ಬಣ್ಣವೇ ಇಲ್ಲದಿದ್ದರೆ "ಮುಚ್ಚೋಕೂ ಆಗದಷ್ಟಿದೆ" ಎನ್ನುತ್ತಿದ್ದರು.

ಈಗ ಮನೆ ಬೇಕಾಗಿದ್ದದ್ದು ಅವರ ನಾದಿನಿಗೆ, ಅಂದರೆ ಹೆಂಡತಿಯ ತಂಗಿಗೆ. ತುಂಬು ಬಸುರಿ. ಗಂಡನೊಂದಿಗೆ ಭಾವನ ಹಾಲ್‌ನಲ್ಲೇ ಅವಳ ಬಿಡಾರ. ಸೋಫಾ ಬಿಡಿಸಿದರೆ ಅಡುಗೆಮನೆಗೆ ದಾರಿಯಿಲ್ಲ. ಸಾಲದ್ದಕ್ಕೆ, ಭಾವನ ಓನರು ಬಂದು, "ಕರಾರಿನಲ್ಲಿರೋದು ನಿಮ್ಮಿಬ್ಬರ ಹೆಸರು. ಕೂಸು ಹುಟ್ಟೋದರೊಳಗೆ ನೆಂಟರು ಬೇರೆ ಕಡೆ ನೋಡ್ಕೋಬೇಕು. ಇಲ್ಲಾಂದ್ರೆ ಎಲ್ಲರೂ ಖಾಲಿ ಮಾಡಿ" ಎಂದು ಹೇಳಿಹೋಗಿದ್ದ. ಇಷ್ಟಾದರೂ ಭಾವ ನೋಡಿದ ಮನೆಯನ್ನೆಲ್ಲ ಬೇಡವೆನ್ನುತ್ತಲೇ ಇದ್ದರು.

"ಏನ್ರೀ, ಹೀಗೇ ಹುಳುಕು ಹುಡುಕ್ತಾ ಇರಿ," ಎಂದಳು ಹೆಂಡತಿ. "ಆ ಮಗು ಹುಟ್ಟಿ, ಬೆಳೆದು, ಕೆಲಸಕ್ಕೆ ಸೇರಿ, ತಾನೇ ಅಪ್ಪ-ಅಮ್ಮನಿಗೊಂದು ಮನೆ ಮಾಡುತ್ತೆ."

ಅಷ್ಟರಲ್ಲಿ ಆಸ್ಪತ್ರೆಯ ಹತ್ತಿರವೇ ನೆಲಮಹಡಿಯ ಮನೆಯೊಂದು ಖಾಲಿಯಾಯಿತು. ನಾದಿನಿಯ ಗಂಡನಿಗೆ ಕೆಲಸದ ಪಾಳಿ. ಹಾಗಾಗಿ ಅವಳೂ ಭಾವನೂ ಹೋದರು. ನೋಡಲು ಬಂದವರು ಬಾಗಿಲಾಚೆಗೂ ನಿಂತಿದ್ದರು. ಓನರು ಒಬ್ಬ ಮುದುಕಿ, ಅಡುಗೆಮನೆಯಲ್ಲಿ ಯಾರಿಗೋ ಒಲೆ ಹಚ್ಚಿ ತೋರಿಸುತ್ತಿದ್ದಳು. ಭಾವ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟರು, ಬೀರುವಿನೊಳಗೆ ತಲೆ ತೂರಿಸಿ ಮೂಸಿದರು. ಆಚೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಏನೂ ಸಿಗ್ತಿಲ್ಲ ಕಣಮ್ಮ. ಯಾಕೋ ಭಯ ಆಗ್ತಿದೆ."

"ಏನೂ ಇಲ್ಲ ಭಾವ, ಅದಕ್ಕೇ ಸಿಗ್ತಿಲ್ಲ. ನಂಗೆ ಇದೇ ಮನೆ ಬೇಕು." ಅವಳು ಗೋಡೆಗೊರಗಿ, ಊದಿದ ಕಾಲನ್ನು ಚಪ್ಪಲಿಯಿಂದ ಆಚೆ ತೆಗೆದು ನಿಂತಿದ್ದಳು.

ಭಾವ ಆ ಕಾಲು ನೋಡಿದರು, ಬಾಗಿಲಾಚೆಯ ಜನವನ್ನೂ ನೋಡಿದರು. ಆಮೇಲೆ ಎಲ್ಲರಿಗೂ ಅರ್ಥವಾಗುವ ಈ ದೇಶದ ಭಾಷೆಯಲ್ಲಿ, ಡಿಪೋದ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲಿನಲ್ಲಿ ಶುರುಮಾಡಿದರು: "ಅಯ್ಯಯ್ಯೋ, ಗೋಡೆ ಒಳಗೆಲ್ಲ ತೇವ! ಚಳಿಗಾಲಕ್ಕೆ ಬೂಷ್ಟು ಗ್ಯಾರಂಟಿ. ಮಕ್ಕಳಿರೋರಿಗಂತೂ ಬೇಡವೇ ಬೇಡ!"

ಜನ ಒಬ್ಬೊಬ್ಬರಾಗಿ ಕರಗಿದರು. ಒಬ್ಬನಂತೂ ಭಾವನ ಕೈಕುಲುಕಿಯೇ ಹೋದ. ಅಡುಗೆಮನೆಯಿಂದ ಮುದುಕಿ ಬಂದಳು.

"ಈ ಮನೇಲಿ ಮೊನ್ನೆವರೆಗೂ ನಾನೇ ಇದ್ದೆ. ಎಲ್ಲಿದೆ ತೇವ?"

ಭಾವ ಒಂದು ಮೂಲೆಯತ್ತ ಕೈ ತೋರಿಸಿ, ಆ ಕೈಯನ್ನೇ ಜೇಬಿಗಿಳಿಸಿದರು.

"ಇಷ್ಟು ಹುಳುಕಿರೋ ಮನೇಲಿ ನೀವಿನ್ನೂ ಯಾಕೆ ನಿಂತಿದ್ದೀರಿ? ಬಾಡಿಗೆ ಇಳಿಸೋಕಾ? ನಾಳೆ ನನ್ನ ಮೇಲೆ ದೂರು ಕೊಡೋಕಾ?"

ಜನ್ಮವೆಲ್ಲ ಅನುಮಾನಪಟ್ಟವರಿಗೆ ಅನುಮಾನಕ್ಕೆ ಗುರಿಯಾಗಿ ಅಭ್ಯಾಸವಿರಲಿಲ್ಲ. ನಾದಿನಿಯೇ ತನಗೆ ಬಂದಷ್ಟು ಇಲ್ಲಿನ ಭಾಷೆಯಲ್ಲಿ ಹೇಳಿದಳು: "ಗೋಡೆ ಒಣಗಿದೆ ಅಮ್ಮ. ನಾನು ಒರಗಿಕೊಂಡೇ ನಿಂತಿದ್ದೆ. ಬೇರೆಯವರು ಹೋಗ್ಲಿ ಅಂತ ಇವರು ಹಾಗಂದ್ರು. ಅವರಿಗೆಲ್ಲ ಫೋನ್ ಮಾಡಿ ನಿಜ ಹೇಳಿಬಿಡಿ."

"ಅಯ್ಯೋ ಪೆದ್ದಿ," ಎಂದು ಭಾವ ಕನ್ನಡದಲ್ಲಿ ನರಳಿದರು.

ಮುದುಕಿ ಕನ್ನಡಕ ಏರಿಸಿ, ನೋಡಲು ಬಂದವರ ನಂಬರು ಬರೆದಿಟ್ಟ ಚೀಟಿ ತೆಗೆದು ಫೋನ್ ಮಾಡಿದಳು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ. ಮೊದಲನೆಯವನು, "ತೇವ ಇಲ್ಲದಿದ್ರೆ, ಇಲ್ಲ ಅಂತ ಹೇಳೋಕೆ ಯಾರಾದ್ರೂ ಫೋನ್ ಮಾಡ್ತಾರಾ?" ಎಂದ. ಇನ್ನೊಬ್ಬಳು, "ಪಾಪ, ಆ ದೊಡ್ಡ ಮನುಷ್ಯರು ಸುಳ್ಳು ಯಾಕೆ ಹೇಳ್ತಾರೆ? ಅವರಿಗೇನು ಲಾಭ?" ಎಂದಳು. ಮುದುಕಿ ದೊಡ್ಡ ಮನುಷ್ಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂರನೆಯವನು ಫೋನನ್ನೇ ಎತ್ತಲಿಲ್ಲ.

"ನನ್ನ ಮನೆ ಬಗ್ಗೆ ನನ್ನ ಮಾತು ನಂಬೋಳು ನೀನೊಬ್ಬಳೇ ಉಳಿದೆ," ಎಂದು ಮುದುಕಿ ನಾದಿನಿಗೆ ಕುರ್ಚಿ ಎಳೆದು ಕೊಟ್ಟಳು. "ನಾಳೆ ಗಂಡನ್ನ ಕರ್ಕೊಂಡು ಬಾ, ಕರಾರು ಮಾಡೋಣ. ಹುಟ್ಟೋ ಕೂಸನ್ನೂ ಅದರಲ್ಲಿ ಕಾಣಿಸ್ತೀನಿ, ಆಮೇಲೆ ಯಾರೂ ತಕರಾರು ತೆಗೀಬಾರದು."

ಬಸ್ ಸ್ಟಾಪಿನ ಬೆಂಚಿನ ಮೇಲೆ ನಾದಿನಿ ಕಾಲು ಚಾಚಿ ಕೂತಳು. ಅಕ್ಕನಿಗೆ ಫೋನ್ ಮಾಡಿ, ನಕ್ಕು, ಸ್ವಲ್ಪ ಅತ್ತಳು. ಭಾವ ಮಾತ್ರ ತಿರುತಿರುಗಿ ಆ ಮನೆಯನ್ನೇ ನೋಡುತ್ತಿದ್ದರು.

"ಇಷ್ಟೆಲ್ಲ ಆದಮೇಲೂ ಆಯಮ್ಮ ಮನೆ ಕೊಟ್ಟರಲ್ಲ. ಯಾಕೆ ಕೊಟ್ಟರು ಅಂತೀಯ?"

"ಅಷ್ಟು ಅನುಮಾನ ಇದ್ರೆ ಸಾಮಾನು ಸಾಗಿಸೋಕೆ ನೀವು ಬರಲೇಬೇಡಿ, ಭಾವ."

"ಬರದೆ ಇರ್ತೀನಾ? ಸಾಮಾನು ಇಡೋಕೆ ಮೊದಲು ಮೂಲೆ ಮೂಲೆ ಫೋಟೊ ತೆಗೀಬೇಕು. ಮುಂದೆ ಮನೆ ಬಿಡೋ ಹೊತ್ತಿಗೆ ಆಯಮ್ಮ, ಈ ಗೋಡೆಗೆ ತೇವ ಹಿಡಿಸಿದ್ದು ನೀವೇ ಅಂದುಬಿಟ್ರೆ?"