ವಿಭೂತಿ ಹಚ್ಚಿದ ಬ್ಲೇಡು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ನಾನು ಇನ್ಸ್‌ಪೆಕ್ಟರ್. ಯುದ್ಧವಿಮಾನದ ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ಹಿಂದಕ್ಕೆ ತಳ್ಳುವ ಟೈಟಾನಿಯಂ ಬ್ಲೇಡುಗಳು ಇಲ್ಲಿ ತಯಾರಾಗುತ್ತವೆ. ನನ್ನ ಮೊಹರು ಬೀಳದೆ ಒಂದೂ ಗೇಟು ದಾಟುವುದಿಲ್ಲ. ಅದರ ಜಂಬ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊಹರಿಗಿಂತ ನನ್ನ ಬಾಯಿಗೇ ಹೆಸರು ಜಾಸ್ತಿ. ಟೈಟಾನಿಯಂಗೆ ಬೆವರಿನ ಉಪ್ಪು ಆಗಿಬರುವುದಿಲ್ಲ. ಉಪ್ಪು ಅಂಟಿದ ಬ್ಲೇಡು ಫರ್ನೇಸಿನಲ್ಲಿ ಕಾದರೆ ಕೂದಲೆಳೆಯಂಥ, ನಮ್ಮ ಪರೀಕ್ಷೆಗೂ ಸಿಗದ ಬಿರುಕು ಹುಟ್ಟಬಹುದು. ಅದು ಬೆಳೆದು ಮುರಿಯುವುದು ಮಾತ್ರ ಆಕಾಶದಲ್ಲಿ. ಹಾಗಾಗಿ ಬರಿಗೈಯಲ್ಲಿ ಮುಟ್ಟಿದವರ ಜನ್ಮ ಜಾಲಾಡುತ್ತಿದ್ದೆ.

ಆ ವರ್ಷದ ಆಯುಧಪೂಜೆಯ ದಿನ ಮಿಷಿನ್ನುಗಳಿಗೆಲ್ಲ ಬಾಳೆಕಂದು, ಚೆಂಡುಹೂವು. ನಮ್ಮ ಹಿರಿಯ ಆಪರೇಟರು ನಲವತ್ತು ಬ್ಲೇಡುಗಳ ಟ್ರೇ ಹಿಡಿದು ಬಂದರು. ಎರಡು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದ ಬ್ಲೇಡುಗಳು. ಈ ಶೆಡ್ಡಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ.

"ಮೇಡಂ, ಮಿಷಿನ್ಗೆಲ್ಲಾ ಪೂಜೆ ಆಯ್ತು. ನನ್ ಬ್ಲೇಡ್ಗಳೇನ್ ಪಾಪ ಮಾಡವೆ? ಯುದ್ಧಕ್ಕೋಗೋ ಸಾಮಾನು. ಒಂದಕ್ಕಾದ್ರೂ ನಿಮ್ ಇಬೂತಿ ಇಕ್ಕಿ."

ದಾವಣಗೆರೆಯಿಂದ ಅವ್ವ ಕಳಿಸುವ ವಿಭೂತಿ ಗಟ್ಟಿ ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತದೆ. ಕೈಗವಸು ಬಿಚ್ಚಿದೆ, ನೀರು ಹಾಕಿ ತೇಯ್ದೆ, ಕೈಗೆ ಸಿಕ್ಕಿದ ಬ್ಲೇಡೊಂದರ ಮೇಲೆ ಮೂರು ಬೆರಳು ಎಳೆದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಆ ಹೊತ್ತಿಗೆ ಅದು ನನಗೆ ಬ್ಲೇಡು ಅನಿಸಲೇ ಇಲ್ಲ, ದೇವರು ಅನಿಸಿತ್ತು.

ಹಬ್ಬದ ರಜೆ ಮುಗಿಸಿ ಬಂದಾಗ ಟ್ರೇ ಆಗಲೇ ಫರ್ನೇಸಿನಿಂದ ಹೊರಬಂದು ನನ್ನ ಟೇಬಲ್ಲಿನ ಮೇಲಿತ್ತು. ನಲವತ್ತೂ ಒಂದೇ ಥರ ಇದ್ದವು, ವಿಭೂತಿಯ ಗುರುತು ಯಾವುದರ ಮೇಲೂ ಇಲ್ಲ. ಓಡಿಹೋಗಿ ಆಪರೇಟರನ್ನು ಕೇಳಿದೆ.

"ಫರ್ನೇಸ್ಗೆ ಮುಂಚೆ ಬಟ್ಟೇಲಿ ಒರೆಸ್ಬುಟ್ಟೆ ಮೇಡಂ."

"ತೊಳೀಲಿಲ್ವಾ? ಯಾವ ಬ್ಲೇಡು ಅದು?"

ಅವರು ತಲೆ ಕೆರೆದುಕೊಂಡರು. "ಯಾವ್ದೋ ಕಾಣೆ. ಏನೂ ಆಗಾಕಿಲ್ಲ ಬುಡಿ, ದೇವ್ರ ಬೂದಿ ತಾನೆ."

ತೊಂದರೆ ಬೂದಿಯದಲ್ಲ, ನನ್ನ ಬೆರಳಿನ ಬೆವರಿನದು. ಅಳತೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಮುಂದೆ ಫಾರಂ ಇತ್ತು: 'ಬರಿಗೈ ತಾಗಿಲ್ಲ' ಎಂಬ ಸಾಲಿನ ಎದುರು ನನ್ನ ಮೊಹರು ಬೀಳಬೇಕು. ಗಾಜಿನಾಚೆ ಮಾಲೀಕರು ವಾಚು ನೋಡುತ್ತ ಅಡ್ಡಾಡುತ್ತಿದ್ದರು, ಗೇಟಿನಲ್ಲಿ ಗಾಡಿ ನಿಂತಿತ್ತು. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಆಪರೇಟರ ಎರಡು ತಿಂಗಳ ದುಡಿಮೆ ಕಸಕ್ಕೆ. ಹೇಳದಿದ್ದರೆ ನನ್ನ ಮೊಹರಿನ ಬ್ಲೇಡು ಯಾರದೋ ಮನೆಮಗನ ಬೆನ್ನ ಹಿಂದೆ ಗಿರಗಿರ ತಿರುಗುತ್ತಿರುತ್ತದೆ. ಹಾಳಾದ ಏಸಿಯ ಚಳಿಯಲ್ಲೂ ಅಂಗೈ ಬೆವರುತ್ತಿತ್ತು. ಓಡಿಹೋಗೋಣವೆಂದರೆ ಎಲ್ಲಿಗೆ? ಅರ್ಧ ಗಂಟೆ ಹಾಗೇ ಕೂತಿದ್ದೆ. ಕೊನೆಗೆ ಬಾಗಿಲು ತೆಗೆದು ಮಾಲೀಕರಿಗೆ ಹೇಳಿಬಿಟ್ಟೆ.

"ಏನ್ ಮೇಡಂ, ನೀವೇ ಹಿಂಗ್ ಮಾಡಿದ್ರೆ?" ಅಂದರು. ಗೇಟಿನ ಗಾಡಿಯತ್ತ ನೋಡಿ, "ಸರಿ, ಯಾವ್ದು ತೋರ್ಸಿ. ಅದೊಂದನ್ನ ತೆಗೆದ್ಬಿಡೋಣ."

ನಾನು ಬಾಯಿ ತೆರೆಯುವ ಮೊದಲೇ ಆಪರೇಟರು ಮುಂದೆ ಬಂದು ಒಂದು ಬ್ಲೇಡಿನತ್ತ ಬೆರಳು ಮಾಡಿದರು. "ಇದೇಯ ಸಾರ್. ನಂಗೆ ಚೆನ್ನಾಗ್ ಗ್ಯಾಪ್ಕ ಐತೆ."

ಹೇಳಿದ್ದು ಮಾಲೀಕರಿಗೆ, ನೋಡಿದ್ದು ನನ್ನನ್ನು. ಹೂಂ ಅನ್ನಿ ತಾಯಿ ಎಂದು ಆ ಕಣ್ಣು ಬೇಡುತ್ತಿತ್ತು. ಒಂದು ಹೂಂ ಸಾಕಿತ್ತು, ಮೂವತ್ತೊಂಬತ್ತು ಉಳಿಯುತ್ತಿದ್ದವು.

"ಅವರಿಗೆ ಗೊತ್ತಿಲ್ಲ ಸಾರ್," ಅಂದೆ. "ನಂಗೂ ಗೊತ್ತಿಲ್ಲ."

ಮಾಲೀಕರು ಆಫೀಸಿಗೆ ಹೋದರು. ಗಾಡಿ ಖಾಲಿ ಹೋಯಿತು.

ನಮ್ಮಲ್ಲಿ ತಿರಸ್ಕರಿಸಿದ ಸಾಮಾನಿಗೆ ಕೆಂಪು ಪೇಂಟು ಬಳಿಯುತ್ತೇವೆ, ಮರೆತು ಯಾರೂ ಬಳಸದಿರಲಿ ಅಂತ. ಡಬ್ಬಿ, ಬ್ರಷ್ಷು ಆಪರೇಟರೇ ತಂದು ಕೂತರು. ಬೇರೆಯವರಿಗೆ ಕೊಡಲಿಲ್ಲ. ಬ್ಲೇಡು ಹಿಡಿದುಕೊಡಲು ಪಕ್ಕದಲ್ಲಿ ಕೂತು, ಅಭ್ಯಾಸಬಲದಿಂದ ಕೈಗವಸು ಹಾಕಿಕೊಳ್ಳತೊಡಗಿದೆ.

ಅವರು ತಲೆ ಎತ್ತಲಿಲ್ಲ. "ಅದ್ಯಾಕೆ ಮೇಡಂ ಈಗ? ಇವ್ನ ಇನ್ನು ಯಾರ್ ಬೇಕಾದ್ರೂ ಮುಟ್ಬೌದು."

ಬಿಚ್ಚಿಟ್ಟೆ. ನಲವತ್ತನ್ನೂ ಒಂದೊಂದಾಗಿ ಬರಿಗೈಯಲ್ಲೇ ಎತ್ತಿ ಕೊಟ್ಟೆ.