ನಾಗಮ್ಮಾಳ್ ಅತ್ತಿಗೆಯ ದ್ರಾಕ್ಷಿ ಐಸು

ನನ್ನ ಯಜಮಾನರ ಅಕ್ಕ ನಾಗಮ್ಮಾಳ್ ದಿಂಡಿಗಲ್ಲಿನಲ್ಲಿ ಹನ್ನೊಂದು ವರ್ಷ ಬಾಳಿದರು. ಅವರ ಗಂಡ ಕರುಪ್ಪಯ್ಯ ರೈಲು ನಿಲ್ದಾಣದ ಎದುರು ಸರ್ಬತ್ತಿನ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅತ್ತಿಗೆ ಉತ್ತಮಪಾಳಯಂ ಹತ್ತಿರದ ನಮ್ಮ ಊರಿಗೆ, ತಮ್ಮನ ಮನೆಗೆ ಬಂದರು. ತಂದದ್ದು ಒಂದು ಟ್ರಂಕು, ಕಲಾಯಿ ಹಾಕಿದ ಅಗಲ ಬಾಯಿಯ ತಾಮ್ರದ ಪಾತ್ರೆ, ಆ ಪಾತ್ರೆ ಒಳಗೆ ಕೂರುವಷ್ಟು ದೊಡ್ಡ ಮರದ ತೊಟ್ಟಿ. ಸಾರು ಮಾಡಲು ಆಗುತ್ತೆ ಎಂದು ನಾನು ಪಾತ್ರೆ ತೆಗೆದುಕೊಳ್ಳಲು ಹೋದೆ. ಅತ್ತಿಗೆ ಕೊಡಲಿಲ್ಲ.

ಬೇಸಿಗೆಯ ಚಿತ್ತಿರೈ ತಿಂಗಳಿನಲ್ಲಿ ಮನೆಗೆ ನೆಂಟರು ಬಂದಾಗ ಅದರ ಕೆಲಸ ಏನೆಂದು ಕಂಡೆವು. ತೇನಿ ಪೇಟೆಯಿಂದ ಐಸ್ ಗಡ್ಡೆಯನ್ನು ಭತ್ತದ ಹೊಟ್ಟಿನಲ್ಲಿ ಹೂತು, ಗೋಣಿ ಸುತ್ತಿ, ಬಸ್ಸಿನ ಮೇಲೆ ತರಿಸಿದರು. ಅಲ್ಲಿ ಹತ್ತಿಸಿದಾಗ ಒಂದು ಮೊಳ ಇದ್ದದ್ದು ಇಲ್ಲಿ ಇಳಿಸಿದಾಗ ಮುಕ್ಕಾಲು ಮೊಳ. ಗೋಣಿಯ ಮೇಲೆಯೇ ಒನಕೆಯಿಂದ ಜಜ್ಜಿ, ಮೂರು ಪಡಿ ಐಸಿಗೆ ಒಂದು ಪಡಿ ಕಲ್ಲುಪ್ಪು ಬೆರೆಸಿ ತೊಟ್ಟಿಗೆ ತುಂಬಿದರು. ನಡುವೆ ತಾಮ್ರದ ಪಾತ್ರೆ, ಅದರಲ್ಲಿ ಸಕ್ಕರೆ ಕಲಸಿದ, ಪನ್ನೀರು ದ್ರಾಕ್ಷಿ ಎಂಬ ನಮ್ಮ ಕಡೆಯ ಕಪ್ಪು ದ್ರಾಕ್ಷಿಯ ರಸ. ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸುತ್ತಾ ಕೂತರು. ಅಂಚಿಗೆ ರಸ ಹೆಪ್ಪುಗಟ್ಟಿದ ಹಾಗೆಲ್ಲ ಚಪ್ಪಟೆ ಸೌಟಿನಿಂದ ಕೆರೆದು ಒಳಕ್ಕೆ ತಳ್ಳಬೇಕು. ಆಮೇಲೆ ಒರಳಿಗೆ ಹಾಕಿ ಇಪ್ಪತ್ತು ಸುತ್ತು ರುಬ್ಬಬೇಕು. ಒರಳನ್ನು ಬೆಳಗಿನಿಂದ ಬಾವಿ ನೀರು ಹಾಕಿ, ಒದ್ದೆ ಗೋಣಿ ಮುಚ್ಚಿ ತಣ್ಣಗಿಟ್ಟಿರಬೇಕು, ಇಲ್ಲದಿದ್ದರೆ ಕಲ್ಲಿನ ಕಾವಿಗೆ ಎಲ್ಲಾ ನೀರು. ಸರಿಯಾಗಿ ಬಂದರೆ ಅದು ಒದ್ದೆ ರವೆಯ ಹಾಗೆ ಲೋಟದಲ್ಲಿ ನಿಲ್ಲುತ್ತದೆ. ಮೂರು ವರ್ಷದಲ್ಲಿ ನಮ್ಮ ಬೀದಿಯ ಮದುವೆ, ಸೀಮಂತ ಯಾವುದಕ್ಕೂ ಅತ್ತಿಗೆಯ ತೊಟ್ಟಿ ಹೋಗದೆ ಇರುತ್ತಿರಲಿಲ್ಲ.

ಅರವತ್ತಾರನೆಯ ಇಸವಿಯಲ್ಲಿ ನನ್ನ ಮಗಳು ತಿಲಗವತಿಗೆ ಗಂಡು ಕೂಡಿಬಂತು. ಗಂಡಿನ ತಂದೆ ವೇಲುಸಾಮಿ ದಿಂಡಿಗಲ್ ಕಡೆಯವರು, ನಮ್ಮವರೇ. ಊರಿನಲ್ಲಿ ಕುಡಿತ ಬಿಡಿಸುವ ಸಂಘ ನಡೆಸುತ್ತಿದ್ದರು. ಹಿಂದಿನ ವರ್ಷ ಒಂದು ಮನೆಯಲ್ಲಿ ಹೆಣ್ಣಿನ ಸೋದರಮಾವನ ಬಾಯಲ್ಲಿ ವಾಸನೆ ಬಂತೆಂದು, ಸಂಬಂಧ ಒಪ್ಪಿದ್ದಕ್ಕೆ ತೆಗೆದುಕೊಳ್ಳುವ ವೀಳ್ಯದ ತಟ್ಟೆ ಮುಟ್ಟದೆ ಎದ್ದು ಬಂದಿದ್ದರು. ಇದು ನಮಗೆ ಗೊತ್ತಿತ್ತು.

ನಮ್ಮ ಕುಲದಲ್ಲಿ ಹೊಲದಿಂದ ಬಂದದ್ದರಲ್ಲಿ ಮೊದಲ ಪಾಲು ದೇವರ ಮಂದೆಯದು. ದೇವರಿಗೆ ಬಿಟ್ಟ ಹಸು, ಎತ್ತುಗಳನ್ನು ಕಾಯುವ ಮಾಯಾಂಡಿ ತಾತ ಬಂದು, ಮಂದೆಯ ಹೆಸರು ಹೇಳಿ ಬಾಯಿಗೆ ಹಾಕಿಕೊಳ್ಳುವ ತನಕ ಮಾಡಿದವರು ಬೆರಳ ತುದಿಯಲ್ಲೂ ರುಚಿ ನೋಡಬಾರದು. ಆ ವರ್ಷ ಹೊಲದಲ್ಲಿ ನಾವು ಬಳ್ಳಿ ಹಬ್ಬಿಸಿದ್ದ ಪಂದಲಿನ ಮೊದಲ ದ್ರಾಕ್ಷಿ ನಿಶ್ಚಯದ ಹಿಂದಿನ ದಿನವೇ ಕೊಯ್ದದ್ದು. ತಾತ ಬೆಳಗಾಗುತ್ತಲೇ ಬರುತ್ತೇನೆ ಎಂದಿದ್ದರು. ಅದಕ್ಕೆ ಅತ್ತಿಗೆ ಸಾಯಂಕಾಲವೇ ರಸ ಹಿಂಡಿ ಮಣ್ಣಿನ ಮಡಕೆಯಲ್ಲಿಟ್ಟು ಬಟ್ಟೆ ಕಟ್ಟಿದರು.

ಬೆಳಿಗ್ಗೆ ತಾತ ಬರಲಿಲ್ಲ. ಹೊಳೆಯ ಹತ್ತಿರ ಮಂದೆಯ ಒಂದು ಹಸು ಕರು ಹಾಕುತ್ತಿತ್ತು. ಹನ್ನೊಂದು ಗಂಟೆಗೆ ನೆಂಟರು ಹದಿನಾಲ್ಕು ಜನ ಬಂದು ಜಗಲಿಯಲ್ಲಿ ಕೂತರು. ಐಸು ಕರಗುತ್ತಿತ್ತು. ಅತ್ತಿಗೆ ರುಚಿ ನೋಡದೆಯೇ ಸಕ್ಕರೆ ಹಾಕಿ ತಿರುಗಿಸಲು ಕೂತರು. ಮೇಲೆ ನೊರೆ ಇತ್ತು. ತಿರುಗಿಸುವ ನೊರೆ ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ರುಬ್ಬಿ ಮುಗಿಸುವ ಹೊತ್ತಿಗೆ ಮಾಯಾಂಡಿ ತಾತ ಹಿತ್ತಲ ಬಾಗಿಲಿಗೆ ಬಂದರು.

ತಾತ ಮಂದೆಯ ಹೆಸರು ಹೇಳಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹಲ್ಲಿಲ್ಲದ ಬಾಯಿ, ನಿಧಾನವಾಗಿ ಕರಗಿಸಿದರು.

"ನಾಗಮ್ಮಾ, ತಣ್ಣಗಿರೋವಾಗ ಇದು ದ್ರಾಕ್ಷಿ. ಕರಗಿದ ಮೇಲೆ ಕಳ್ಳು."

"ತಾತಾ, ತಮಾಷೆ ಬೇಡ."

"ಎಪ್ಪತ್ತು ವರ್ಷದ ನಾಲಿಗೆ ಕಣಮ್ಮಾ. ಸರ್ಕಾರ ಕಳ್ಳು ನಿಲ್ಲಿಸೋಕೆ ಮುಂಚೆ ನಾನೂ ಕುಡಿದವನೇ."

ಅತ್ತಿಗೆ ಅಂಗೈ ಮೇಲೆ ಸ್ವಲ್ಪ ಹಾಕಿಕೊಂಡು ಕರಗುವ ತನಕ ನೋಡಿ ಮೂಸಿದರು. ಆಮೇಲೆ ನನ್ನ ಮೂಗಿಗೆ ಹಿಡಿದರು. ತಾತ ಹೇಳಿದ್ದು ನಿಜ.

ನನ್ನ ಯಜಮಾನರು, ಅಯ್ಯಾವು, ಲೋಟ ಕೇಳಲು ಒಳಗೆ ಬಂದವರು ಇದನ್ನು ಕೇಳಿ ಜಗಲಿಯ ಕಡೆಯ ಬಾಗಿಲು ಮುಂದೆ ಮಾಡಿದರು.

"ಕೊಟ್ಟುಬಿಡು ಅಕ್ಕಾ. ಈ ಬಿಸಿಲಿಗೆ ಬಾಯಲ್ಲಿ ಕರಗೋದ್ರೊಳಗೆ ನುಂಗಿಬಿಡ್ತಾರೆ."

"ನಿನ್ನ ಬೀಗರು ನುಂಗೋರಲ್ಲ ಅಯ್ಯಾವು, ಅಗಿಯೋರು."

"ಹಂಗಾದ್ರೆ ಐಸ್ ಬರಲಿಲ್ಲ ಅಂತೀನಿ."

"ಒಂದು ಗಂಟೆ ಹೊತ್ತಿನಿಂದ ಒನಕೆ ಸದ್ದು ಕೇಳ್ತಾ ಕೂತಿದಾರೆ. ಏನು ಕುಟ್ಟಿದ್ವಿ ಅಂತೀಯ, ಅವಲಕ್ಕಿನಾ?"

ಶುಭಕಾರ್ಯದ ದಿನ ಅತ್ತಿಗೆ ಮುಂಬಾಗಿಲಿಗೆ ಬರುವವರಲ್ಲ. ಗಂಡ ಸತ್ತವರು, ಹಿತ್ತಲಲ್ಲೇ ಇರುತ್ತಿದ್ದರು. ಅಂದು ಒಂದು ಬಟ್ಟಲು ಹಿಡಿದು, ಸೆರಗು ಹೊದ್ದು, ಜಗಲಿಯ ಹೊಸ್ತಿಲಿಗೆ ಬಂದು ನಿಂತರು. ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಿಲಗವತಿ ಒಳಕೋಣೆಯಲ್ಲಿ ಹೂ ಮುಡಿದು ಕೂತಿದ್ದವಳು ಎದ್ದು ನಿಂತಳು.

"ಅಣ್ಣಾ, ನಿಮಗೆ ಅಂತ ಮಾಡಿದ ರಸ ಹುಳಿ ಬಂದು ಕಳ್ಳಿನ ವಾಸನೆ ಕಟ್ಟಿದೆ. ತಪ್ಪು ನಂದು. ಮನೆಯೋರು ಯಾರೂ ಕುಡಿಯೋರಲ್ಲ."

ವೇಲುಸಾಮಿ ಕೈ ಚಾಚಿ ಬಟ್ಟಲು ತೆಗೆದುಕೊಂಡು ಮೂಸಿದರು.

"ಯಾವಾಗ ಹಿಂಡಿದ್ದು?"

"ನಿನ್ನೆ ದೀಪ ಹಚ್ಚೋ ಹೊತ್ತು."

"ಒಂದು ತೊಟ್ಟು ಬಾಯಿಗೆ ಹಾಕಿ ನೋಡಬಾರದಾಗಿತ್ತಾ ತಾಯೀ?"

"ದೇವರ ಮಂದೆಯ ಮೊದಲ ಪಾಲು ಆಗಿರಲಿಲ್ಲ ಅಣ್ಣಾ."

ವೇಲುಸಾಮಿ ತಮ್ಮ ಅಕ್ಕನ ಕಡೆ ತಿರುಗಿದರು. ಆಕೆ ವಯಸ್ಸಾದವರು. "ನಮ್ಮಜ್ಜಿ ಹಂಗೇ ಇದ್ದಳು ಕಣೋ," ಎಂದರು. "ಉಪ್ಪು ನೋಡದೆ ಹಬ್ಬದ ಸಾರು ಮಾಡೋಳು. ವರ್ಷಕ್ಕೊಂದು ದಿನ ಸಮುದ್ರದ ನೀರೇ ಉಣ್ತಿದ್ವಿ." ಯಾರೋ ನಕ್ಕರು. ವೇಲುಸಾಮಿ ನಗಲಿಲ್ಲ.

"ಐಸ್ ಉಳಿದಿದ್ಯಾ?"

"ಅರ್ಧ ಗಡ್ಡೆ ಹೊಟ್ಟಿನಲ್ಲಿದೆ."

"ಇದನ್ನ ಸುರಿದು ಬೇರೆ ಮಾಡು. ಕಾಯ್ತೀವಿ. ತಟ್ಟೆ ಆಮೇಲೆ ನೋಡೋಣ."

ಯಜಮಾನರು ಬುಟ್ಟಿ ಹಿಡಿದು ಪಂದಲಿಗೆ ಓಡಿದರು. ನಾನು ರುಬ್ಬಿದ್ದನ್ನೆಲ್ಲ ಬೇವಿನ ಬುಡಕ್ಕೆ ಸುರಿದು, ಒರಳು, ಪಾತ್ರೆ, ಸೌಟು ಮೂರನ್ನೂ ಬೂದಿ ಹಾಕಿ ಎರಡು ಸಲ ತೊಳೆದೆ. ಅತ್ತಿಗೆ ದ್ರಾಕ್ಷಿಯನ್ನು ಬಟ್ಟೆಯಲ್ಲಿ ಹಿಂಡಿದರು. ರಸ ಹಿಂಡಿದ ಕೂಡಲೆ, ಐಸಿಗೆ ಇಡುವ ಮೊದಲೇ, ತಾತನಿಗೆ ಒಂದು ಬಟ್ಟಲು ಕೊಟ್ಟರು. ತಾತ ಕುಡಿದು ತಲೆ ಆಡಿಸಿದ ಮೇಲೆ ತಾವೂ ಒಂದು ತೊಟ್ಟು ಬಾಯಿಗೆ ಹಾಕಿಕೊಂಡರು. ಆಮೇಲೆ ಪಾತ್ರೆ ತಿರುಗಿಸಿದರು. ಎಲ್ಲಾ ಸೇರಿ ಒಂದೂಕಾಲು ಗಂಟೆ. ಅಷ್ಟು ಹೊತ್ತೂ ವೇಲುಸಾಮಿ ನೀರು ಕೂಡ ಕೇಳದೆ ಕೂತಿದ್ದರು.

ಹದಿನಾಲ್ಕು ಜನಕ್ಕೆ ಅರ್ಧರ್ಧ ಲೋಟ ಬಂತು. ವೇಲುಸಾಮಿ ಒಂದು ತುತ್ತು ಬಾಯಿಗಿಟ್ಟು ಹಾಗೇ ಹಿಡಿದರು. ಅಗಿಯಲಿಲ್ಲ, ನುಂಗಲಿಲ್ಲ. ಅತ್ತಿಗೆ ಬಾಗಿಲ ಸಂದಿಯಿಂದ ಅವರ ಗಂಟಲನ್ನೇ ನೋಡುತ್ತಿದ್ದರು. ಕೊನೆಗೆ ಗಂಟಲು ಆಡಿತು.

"ದ್ರಾಕ್ಷಿ," ಎಂದರು. ಲೋಟ ಕೆಳಗಿಟ್ಟು ವೀಳ್ಯದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.